ಕೈ ವಾಲಿದತ್ತ ಉರುಳುವ ಆಟ

(ಅಂಗೈ ಮೇಲಿನ ವಿಡಿಯೊ ಆಟಗಳು ಮತ್ತು ಅವನ್ನು ಆಡುವ ಕೈಗಳ ಚರಿತ್ರೆ ಕುರಿತ ಉಪನ್ಯಾಸದ ಬರಹರೂಪ)



2000ನೇ ಇಸವಿಯ ಆಗಸ್ಟ್ 23ರಂದು ಜಪಾನಿನ ಅಂಗಡಿಗಳಿಗೆ ಒಂದು ಹೊಸ ವಿಡಿಯೊ ಆಟ ಬಂತು. ಅದರ ಹೆಸರು ‘ಕೊರೊಕೊರೊ ಕರ್ಬಿ’. ‘ಕೊರೊಕೊರೊ’ ಎಂಬುದು ಜಪಾನಿ ಭಾಷೆಯಲ್ಲಿ ದುಂಡಗಿನ ವಸ್ತು ಉರುಳುವುದನ್ನು ಸೂಚಿಸುವ ಶಬ್ದ; ನಮ್ಮ ‘ಗಿರಗಿರ’, ‘ಸರಸರ’ಗಳ ಹಾಗೆ ಒಂದು ಅನುಕರಣಾವ್ಯಯ. ಕರ್ಬಿ ಎಂದರೆ 1992ರಿಂದ ನಿಂಟೆಂಡೊ ಕಂಪನಿಯ ಆಟಗಳಲ್ಲಿ ಬರುತ್ತಿರುವ, ಚೆಂಡಿನಂತೆ ದುಂಡಗಿರುವ ಗುಲಾಬಿ ಬಣ್ಣದ ಪಾತ್ರ. ಆ ಕರ್ಬಿಯನ್ನು ಕುಳಿಗಳಿಗೆ ಬೀಳಿಸದೆ, ಗೊತ್ತುಪಡಿಸಿದ ಸಮಯದೊಳಗೆ ಉರುಳಿಸಿಕೊಂಡು ಹೋಗಿ ಗುರಿ ಮುಟ್ಟಿಸುವುದೇ ಆಟ.

ಇಷ್ಟೇ ಆಗಿದ್ದರೆ ಅದು ನೂರರಲ್ಲಿ ಒಂದು ಆಟವಾಗಿ ಮರೆತುಹೋಗುತ್ತಿತ್ತು. ವಿಶೇಷವಿದ್ದದ್ದು ಉರುಳಿಸುವ ರೀತಿಯಲ್ಲಿ. ಅಂದಿನ ವಿಡಿಯೊ ಆಟಗಳಲ್ಲೆಲ್ಲ ಎಡಗೈ ಹೆಬ್ಬೆರಳಿನ ಕೆಳಗೆ ಒಂದು ಬಟನ್ ಇರುತ್ತಿತ್ತು. ಅದನ್ನು ಬಲಕ್ಕೆ ಒತ್ತಿದರೆ ಪಾತ್ರ ಬಲಕ್ಕೆ, ಎಡಕ್ಕೆ ಒತ್ತಿದರೆ ಎಡಕ್ಕೆ. ‘ಕೊರೊಕೊರೊ ಕರ್ಬಿ’ಯಲ್ಲಿ ಚೆಂಡು ಉರುಳಿಸಲು ಆ ಬಟನ್ನಿನ ಕೆಲಸವಿಲ್ಲ. ಕೈಯಲ್ಲಿರುವ ಯಂತ್ರವನ್ನೇ ಬಲಕ್ಕೆ ವಾಲಿಸಬೇಕು. ಆಗ ಪರದೆಯೊಳಗಿನ ನೆಲಕ್ಕೆ ಬಲಗಡೆ ವಾಟ ಕೊಟ್ಟಂತಾಗಿ ಕರ್ಬಿ ಆ ಕಡೆ ಉರುಳುತ್ತದೆ. ಸ್ವಲ್ಪ ವಾಲಿಸಿದರೆ ಮೆಲ್ಲಗೆ, ಹೆಚ್ಚು ವಾಲಿಸಿದರೆ ರಭಸವಾಗಿ. ಯಂತ್ರವನ್ನು ಫಕ್ಕನೆ ಮೇಲಕ್ಕೆ ಚಿಮ್ಮಿಸಿದರೆ ಕರ್ಬಿಯೂ ನೆಲ ಬಿಟ್ಟು ಮೇಲಕ್ಕೆ ಜಿಗಿಯುತ್ತದೆ.

ಈ ಕೈಚಳಕ ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ಹಾಕಿಕೊಂಡು ಕೂತ ಅಜ್ಜಿಯ ಕೈಯನ್ನು ನೆನಪಿಸಿಕೊಳ್ಳಿ. ಮೊದಲು ಮೊರವನ್ನು ಅತ್ತಿತ್ತ ವಾಲಿಸಿ ಒನೆಯುತ್ತಾಳೆ; ಕಲ್ಲು ಒಂದು ಕಡೆ, ಕಾಳು ಒಂದು ಕಡೆ ಸರಿಯುತ್ತವೆ. ಆಮೇಲೆ ಫಟ್ಟನೆ ಮೇಲಕ್ಕೆ ಚಿಮ್ಮಿಸಿ ಕೇರುತ್ತಾಳೆ. ವಾಲಿಸುವುದು, ಚಿಮ್ಮಿಸುವುದು ಎಂಬ ಆ ಎರಡೇ ಚಲನೆಗಳನ್ನು ನಿಂಟೆಂಡೊ ಒಂದು ಅಂಗೈ ಯಂತ್ರಕ್ಕೆ ಕಲಿಸಿತು. ಅದು ಹೇಗೆ ಸಾಧ್ಯವಾಯಿತು, ಅಂಥ ಆಟ ಎಲ್ಲಿಂದ ಬಂತು, ಇಂದು ಅದನ್ನು ಉಳಿಸಿಕೊಳ್ಳುವುದು ಏಕೆ ಕಷ್ಟವಾಗಿದೆ ಎಂಬುದೇ ಇವತ್ತಿನ ವಿಷಯ.

ಹಂದಿಮರಿಗಳ ಹುಚ್ಚು

ಜಾತ್ರೆಗಳಲ್ಲಿ ಮಾರುವ ಒಂದು ಆಟಿಕೆಯನ್ನು ಎಲ್ಲರೂ ನೋಡಿರುತ್ತೀರಿ. ಮೇಲೆ ಪಾರದರ್ಶಕ ಮುಚ್ಚಳವಿರುವ ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನಾಲ್ಕಾರು ಉಕ್ಕಿನ ಗುಂಡುಗಳು, ತಳದಲ್ಲಿ ಅಷ್ಟೇ ಸಂಖ್ಯೆಯ ಕುಳಿಗಳು. ಡಬ್ಬಿಯನ್ನು ವಾಲಿಸುತ್ತ ಎಲ್ಲ ಗುಂಡುಗಳನ್ನೂ ಕುಳಿಗಳಲ್ಲಿ ಕೂರಿಸಬೇಕು. ಮೂರು ಕೂತವು ಎನ್ನುವಾಗ ನಾಲ್ಕನೆಯದನ್ನು ಕೂರಿಸಲು ಹೋಗಿ ಮೊದಲಿನವು ಎದ್ದು ಹೋಗುತ್ತವೆ.

ಈ ಜಾತಿಯ ಆಟಿಕೆಗಳಿಗೆ ಒಬ್ಬ ಪ್ರಸಿದ್ಧ ಪೂರ್ವಜನಿದ್ದಾನೆ. 1889ರಲ್ಲಿ ಅಮೆರಿಕದ ಆಟಿಕೆ ತಯಾರಕ ಚಾರ್ಲ್ಸ್ ಕ್ರಾಂಡಾಲ್ ‘ಪಿಗ್ಸ್ ಇನ್ ಕ್ಲೋವರ್’ ಎಂಬ ಆಟವನ್ನು ಮಾರುಕಟ್ಟೆಗೆ ತಂದ. ವೃತ್ತದೊಳಗೆ ವೃತ್ತವಾಗಿ ಬೇಲಿಗಳು. ಪ್ರತಿ ಬೇಲಿಗೂ ಒಂದು ಕಿಂಡಿ. ಹಂದಿಮರಿಗಳೆಂದು ಭಾವಿಸಬೇಕಾದ ಗೋಲಿಗಳನ್ನು ಹಲಗೆ ವಾಲಿಸುತ್ತ ನಡುವಿನ ದೊಡ್ಡಿಗೆ ತುಂಬಬೇಕು. ಕೆಲವೇ ವಾರಗಳಲ್ಲಿ ಅದು ಅಮೆರಿಕದಲ್ಲಿ ಹುಚ್ಚಿನಂತೆ ಹಬ್ಬಿತು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸೆನೆಟರುಗಳೇ ಅದನ್ನು ಆಡುತ್ತ ಕುಳಿತ ಸುದ್ದಿ ಅಂದಿನ ಪತ್ರಿಕೆಗಳಲ್ಲಿ ಬಂತು. ಮುಂದೆ 1946ರಲ್ಲಿ ಸ್ವೀಡನ್ನಿನ ಬ್ರಿಯೊ ಕಂಪನಿ ಮರದ ಪೆಟ್ಟಿಗೆಯ ಮೇಲೆ 60 ಕುಳಿಗಳ ಚಕ್ರವ್ಯೂಹವೊಂದನ್ನು ಮಾಡಿತು. ಪಕ್ಕದ ಎರಡು ತಿರುಗಣೆಗಳಿಂದ ಹಲಗೆಯನ್ನು ಎರಡು ದಿಕ್ಕಿಗೂ ವಾಲಿಸಿ ಉಕ್ಕಿನ ಗುಂಡನ್ನು ದಾಟಿಸುವ ಆ ಆಟ ಇಂದಿಗೂ ಮಾರಾಟದಲ್ಲಿದೆ.

ಕಾಕತಾಳೀಯವೆಂದರೆ, ಹಂದಿಮರಿಗಳ ಆಟ ಬಂದ ಆ 1889ರಲ್ಲೇ ಜಪಾನಿನ ಕ್ಯೋಟೊ ನಗರದಲ್ಲಿ ಫುಸಾಜಿರೊ ಯಮೌಚಿ ಎಂಬವರು ‘ಹನಫುಡ’ ಎಂಬ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ತಯಾರಿಸುವ ಅಂಗಡಿ ತೆರೆದರು. ಅದೇ ನಿಂಟೆಂಡೊ. ವಾಲಿಸುವ ಆಟವೂ ನಿಂಟೆಂಡೊವೂ ಒಂದನ್ನೊಂದು ಸಂಧಿಸಲು 111 ವರ್ಷಗಳು ಬೇಕಾದವು.

ಹೆಬ್ಬೆರಳಿನ ಕಾಲ

ಆ ನಡುವೆ ವಿಡಿಯೊ ಆಟಗಳ ಇತಿಹಾಸವೆಂದರೆ ಬಹುಮಟ್ಟಿಗೆ ಹೆಬ್ಬೆರಳಿನ ಇತಿಹಾಸ. ಅದರಲ್ಲಿ ಮುಖ್ಯವಾಗಿ ಬರುವ ಹೆಸರು ನಿಂಟೆಂಡೊದ ಗುನ್‌ಪೇ ಯೊಕೊಯಿ ಅವರದು. ವೇಗದ ರೈಲಿನಲ್ಲಿ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಬಟನ್‌ಗಳನ್ನು ಒತ್ತುತ್ತಿದ್ದುದನ್ನು ಕಂಡು ಅವರಿಗೆ ಅಂಗೈ ಆಟದ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1980ರಲ್ಲಿ ಬಂದ ‘ಗೇಮ್ ಆ್ಯಂಡ್ ವಾಚ್’ ಅದರ ಫಲ. 1982ರಲ್ಲಿ ಅದರ ಒಂದು ಆಟಕ್ಕಾಗಿ ಯೊಕೊಯಿ ಕೂಡು ಚಿಹ್ನೆಯ ಆಕಾರದ ದಿಕ್ಕಿನ ಬಟನ್ ರೂಪಿಸಿದರು. 1989ರ ‘ಗೇಮ್ ಬಾಯ್’ ಕೂಡ ಅವರ ತಂಡದ್ದೇ. ಹಳೆಯದಾಗಿ, ಅಗ್ಗವಾಗಿ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕೆಲಸಕ್ಕೆ ಹೊರಳಿಸುವುದು ಅವರ ಸಿದ್ಧಾಂತವಾಗಿತ್ತು.

ದಿಕ್ಕಿನ ಬಟನ್ ಬಂದ ಮೇಲೆ ಜಗತ್ತಿನ ಮಕ್ಕಳೆಲ್ಲ ಒಂದೇ ಬೆರಳಿನಲ್ಲಿ ಓಡಲು, ಹಾರಲು, ಗುಂಡು ಹೊಡೆಯಲು ಕಲಿತರು. ನಮ್ಮಲ್ಲಿಯೂ 1990ರ ದಶಕದಲ್ಲಿ ‘9999 ಇನ್ ಒನ್’ ಎಂದು ಬರೆದುಕೊಂಡು ಬಂದ ಇಟ್ಟಿಗೆ ಜೋಡಿಸುವ ಅಂಗೈ ಆಟಗಳು ಈ ವಿದ್ಯೆಯನ್ನು ಊರೂರಿಗೆ ಹರಡಿದವು.

ಆದರೆ ದೇಹ ಒಂದು ವಿಷಯದಲ್ಲಿ ಹಟ ಬಿಡಲಿಲ್ಲ. ಕಾರಿನ ಪಂದ್ಯದ ಆಟವಾಡುವ ಮಗುವನ್ನು ಗಮನಿಸಿ. ಪರದೆಯ ಮೇಲೆ ತಿರುವು ಬಂದಾಗ ಬೆರಳು ಬಟನ್ ಒತ್ತುತ್ತದೆ, ಸರಿ. ಜೊತೆಗೆ ಕೈ, ಭುಜ, ತಲೆ ಎಲ್ಲವೂ ಆ ಕಡೆ ವಾಲುತ್ತವೆ. ವಾಲಿದ್ದರಿಂದ ಕಾರಿಗೆ ಏನೂ ಆಗುವುದಿಲ್ಲ. ಅದು ಮಗುವಿಗೂ ಗೊತ್ತು. ಆದರೂ ವಾಲದೆ ಇರಲಾಗದು. ಆ ಕಾಲದ ವಿಡಿಯೊ ಯಂತ್ರಗಳು ಗಮನಿಸದೆ ಬಿಟ್ಟಿದ್ದ ಈ ವಾಲುವಿಕೆಯನ್ನೇ ‘ಕೊರೊಕೊರೊ ಕರ್ಬಿ’ ಆಟದ ಕೀಲಿಯನ್ನಾಗಿ ಮಾಡಿಕೊಂಡಿತು. ಯೊಕೊಯಿ ಅದನ್ನು ನೋಡಲು ಇರಲಿಲ್ಲ. 1996ರಲ್ಲಿ ನಿಂಟೆಂಡೊ ಬಿಟ್ಟ ಅವರು 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಆದರೆ ಬೇರೆ ಕೆಲಸಕ್ಕೆ ಹುಟ್ಟಿದ ವಸ್ತುವನ್ನು ಆಟಕ್ಕೆ ಹೊರಳಿಸುವ ಅವರ ದಾರಿಯಲ್ಲೇ ಈ ಆಟವೂ ನಡೆಯಿತು.

ಕಾರಿನಿಂದ ಆಟಿಕೆಗೆ

ಆ ವಸ್ತು ಬಂದದ್ದು ಮೋಟಾರು ಕಾರಿನಿಂದ. ಕಾರು ಡಿಕ್ಕಿ ಹೊಡೆದ ಕ್ಷಣದಲ್ಲಿ ಚಾಲಕನ ಮುಂದೆ ಗಾಳಿಚೀಲ ಉಬ್ಬಬೇಕಾದರೆ, ಡಿಕ್ಕಿಯಾಯಿತೆಂದು ಯಾರಾದರೂ ಅದಕ್ಕೆ ಹೇಳಬೇಕು. ಹಾಗೆ ಹೇಳುವ ಉಪಕರಣವೇ ಆ್ಯಕ್ಸೆಲರೋಮೀಟರ್, ಅಂದರೆ ವೇಗದಲ್ಲಾಗುವ ಬದಲಾವಣೆಯನ್ನು ಅಳೆಯುವ ಮಾಪಕ. 1990ರ ದಶಕದ ಆರಂಭದಲ್ಲಿ ಅಮೆರಿಕದ ಅನಲಾಗ್ ಡಿವೈಸಸ್ ಕಂಪನಿ ಈ ಮಾಪಕವನ್ನು ಸಿಲಿಕಾನ್ ಚಿಪ್ಪಿನಲ್ಲೇ ಕೊರೆದು ಗಾಳಿಚೀಲಗಳಿಗಾಗಿ ತಯಾರಿಸಿತು. ಅದು ಗುರುತ್ವಾಕರ್ಷಣೆಯ 50 ಪಟ್ಟು ಬಲವನ್ನು ಅಳೆಯಬಲ್ಲ ಚಿಪ್ಪು. ಅದೇ ಮನೆತನದಲ್ಲಿ ಮುಂದೆ ಬಂದ ಎಡಿಎಕ್ಸ್‌ಎಲ್202 ಎಂಬ ಚಿಪ್ಪು ಬಹಳ ಸೂಕ್ಷ್ಮವಾದದ್ದು. ಗುರುತ್ವದ ಎರಡು ಪಟ್ಟಿನವರೆಗೆ ಮಾತ್ರ, ಆದರೆ ಎರಡು ದಿಕ್ಕುಗಳಲ್ಲಿ ಅಳೆಯುತ್ತದೆ. ಕರ್ಬಿಯ ಆಟದೊಳಗೆ ಕೂತದ್ದು ಇದು.

ಇದರ ಕೆಲಸ ತಿಳಿಯಲು ಗಾರೆ ಕೆಲಸದವರ ರಸಮಟ್ಟವನ್ನು ನೆನೆಯಬಹುದು. ರಸಮಟ್ಟ ವಾಲಿದರೆ ಗಾಜಿನೊಳಗಿನ ಗುಳ್ಳೆ ಎತ್ತರದ ಕಡೆಗೆ ಸರಿಯುತ್ತದೆ. ಚಿಪ್ಪಿನೊಳಗೆ ಗುಳ್ಳೆಯ ಬದಲು ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಸಿಲಿಕಾನ್ ತುಣುಕು ಅತಿ ತೆಳುವಾದ ಸ್ಪ್ರಿಂಗ್‌ಗಳಲ್ಲಿ ತೂಗುತ್ತಿರುತ್ತದೆ. ಅದರ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳು. ಎದುರಿಗೆ ಅಲುಗಾಡದ ಇನ್ನೊಂದು ಬಾಚಣಿಗೆ. ಯಂತ್ರ ವಾಲಿದಾಗ ಭೂಮಿ ಆ ತುಣುಕನ್ನು ಇಳಿಜಾರಿನ ಕಡೆ ಸೆಳೆಯುತ್ತದೆ, ಹಲ್ಲುಗಳ ನಡುವಿನ ಅಂತರ ಕೂದಲೆಳೆಗಿಂತ ಎಷ್ಟೋ ಕಡಿಮೆ ಬದಲಾಗುತ್ತದೆ, ಅದರಿಂದ ಅವು ಹಿಡಿದಿಡುವ ವಿದ್ಯುತ್ತಿನ ಪ್ರಮಾಣವೂ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಚಿಪ್ಪು ವಾಲಿದ ಪ್ರಮಾಣವನ್ನು ತಿಳಿಸುತ್ತದೆ. ಯಂತ್ರ ಮಟ್ಟವಾಗಿದ್ದರೆ ಸೊನ್ನೆ. 30 ಡಿಗ್ರಿ ವಾಲಿದರೆ ಗುರುತ್ವದ ಸರಿಯಾಗಿ ಅರ್ಧ.

ಇಲ್ಲಿ ‘ಎಷ್ಟು’ ಎಂಬುದು ಮುಖ್ಯ. 1981ರಲ್ಲೇ ಅಮೆರಿಕದಲ್ಲಿ ‘ಲೆ ಸ್ಟಿಕ್’ ಎಂಬ ವಾಲಿಸುವ ಹಿಡಿಕೆಯೊಂದು ಬಂದಿತ್ತು. ಅದರೊಳಗೆ ಇದ್ದದ್ದು ಪಾದರಸದ ಸ್ವಿಚ್ಚುಗಳು. ಪಾದರಸ ಹರಿದು ತಂತಿ ಕೂಡಿಸಿದರೆ ಚಾಲೂ, ಇಲ್ಲದಿದ್ದರೆ ಬಂದ್. ವಾಲಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ತಿಳಿಯುತ್ತಿತ್ತು. ಒನೆಯುವ ಕೈಗೆ ಅಷ್ಟು ಸಾಲದು. ಹತ್ತು ಡಿಗ್ರಿಗೂ ಹನ್ನೆರಡು ಡಿಗ್ರಿಗೂ ವ್ಯತ್ಯಾಸ ತಿಳಿದಾಗಲೇ ಕಾಳು ಮೊರದಲ್ಲಿ ನಿಲ್ಲುವುದು, ಕರ್ಬಿ ಕುಳಿಯ ಅಂಚಿನಲ್ಲಿ ನಿಲ್ಲುವುದು.

ಚಿಪ್ಪನ್ನು ಎಲ್ಲಿಡಬೇಕು ಎಂಬುದು ಮುಂದಿನ ಪ್ರಶ್ನೆ. 1998ರಲ್ಲಿ ಬಂದಿದ್ದ ‘ಗೇಮ್ ಬಾಯ್ ಕಲರ್’ ಯಂತ್ರದಲ್ಲಿ ಅಂಥ ಮಾಪಕ ಇರಲಿಲ್ಲ. ಆದ್ದರಿಂದ ಅದನ್ನು ಯಂತ್ರದ ಬೆನ್ನಿಗೆ ಸಿಕ್ಕಿಸುವ ಕಾರ್ಟ್ರಿಜ್‌ನೊಳಗೇ ಕೂರಿಸಿದರು. ಒಳಗಿನ ಭಾಗಗಳು ಕಾಣುವಂಥ ಪಾರದರ್ಶಕ ಗುಲಾಬಿ ಬಣ್ಣದ ಕಾರ್ಟ್ರಿಜ್ ಅದು. ಅಂದರೆ ಈ ಆಟದ ಪ್ರತಿಯೊಂದು ಪ್ರತಿಯಲ್ಲೂ ಬರೀ ಪ್ರೋಗ್ರಾಂ ಅಲ್ಲ, ವಾಲುವುದನ್ನು ಅರಿಯುವ ಒಂದು ಅಂಗವೂ ಇತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರೈಲು, ದೀಪ ಮತ್ತು ತಲೆಕೆಳಗಾದ ಲೋಕ

ಆಟದಲ್ಲಿ ತೊಡಕುಗಳೂ ಇದ್ದವು. ಅವು ಆಟದಷ್ಟೇ ಸ್ವಾರಸ್ಯದವು.

ಒಂದನೆಯದು ರೈಲಿನ ತೊಡಕು. ಚಿಪ್ಪಿನೊಳಗಿನ ತುಣುಕಿಗೆ ತನ್ನನ್ನು ಸೆಳೆದದ್ದು ಭೂಮಿಯೋ, ರೈಲಿನ ಬ್ರೇಕೋ ಗೊತ್ತಾಗುವುದಿಲ್ಲ. ರೈಲು ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಕಳೆದುಕೊಂಡರೆ, ಅದು ಯಂತ್ರವನ್ನು ಸುಮಾರು 6 ಡಿಗ್ರಿ ವಾಲಿಸಿದ್ದಕ್ಕೆ ಸಮ. ಕೈ ಅಲುಗದಿದ್ದರೂ ಕರ್ಬಿ ಉರುಳಿಬಿಡುತ್ತದೆ. ಇದು ಚಿಪ್ಪಿನ ದೋಷವಲ್ಲ, ಪ್ರಕೃತಿಯ ನಿಯಮ. ಗುರುತ್ವದ ಸೆಳೆತವನ್ನೂ ವೇಗಬದಲಾವಣೆಯ ಸೆಳೆತವನ್ನೂ ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತವನು ಬೇರೆಮಾಡಿ ಹೇಳಲಾರ ಎಂಬ ವಿಚಾರವನ್ನು ಐನ್‌ಸ್ಟೀನ್ ಮುಂದಿಟ್ಟದ್ದು 1907ರಲ್ಲಿ. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಬೇರು ಅದೇ. ರೈಲಿನಲ್ಲಿ ಕರ್ಬಿ ಆಡಿದ ಹುಡುಗನಿಗೆ ಅದರ ಅನುಭವ ಹೆಬ್ಬೆರಳಿನ ಕೆಳಗೇ ಆಗುತ್ತಿತ್ತು.

ಎರಡನೆಯದು ಬೆಳಕಿನ ತೊಡಕು. ಗೇಮ್ ಬಾಯ್ ಕಲರ್‌ನ ಪರದೆಗೆ ಸ್ವಂತ ಬೆಳಕಿಲ್ಲ. ದೀಪದ ಕೆಳಗೋ ಕಿಟಕಿಯ ಬಳಿಯೋ ಹದವಾದ ಕೋನದಲ್ಲಿ ಹಿಡಿದರಷ್ಟೇ ಚಿತ್ರ ಕಾಣುತ್ತದೆ. ಆಟವೋ ಯಂತ್ರವನ್ನು ಸದಾ ವಾಲಿಸುತ್ತಿರಲು ಹೇಳುತ್ತದೆ. ವಾಲಿಸಿದರೆ ಚಿತ್ರ ಮಬ್ಬು, ವಾಲಿಸದಿದ್ದರೆ ಆಟವಿಲ್ಲ.

ಮೂರನೆಯದು ಬಂದದ್ದು 2003ರಲ್ಲಿ. ಮಡಚಬಹುದಾದ ‘ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ’ ಎಂಬ ಹೊಸ ಯಂತ್ರ ಆ ವರ್ಷ ಬಿಡುಗಡೆಯಾಯಿತು. ಹಳೆಯ ಕಾರ್ಟ್ರಿಜ್‌ಗಳೂ ಅದರಲ್ಲಿ ನಡೆಯುತ್ತಿದ್ದವು. ಆದರೆ ಅವನ್ನು ಮೇಲಿನಿಂದ ಸಿಕ್ಕಿಸುವ ಬದಲು ಕೆಳಗಿನಿಂದ ಸಿಕ್ಕಿಸಬೇಕಿತ್ತು. ಬೇರೆ ಆಟಗಳಿಗೆ ಇದರಿಂದ ಏನೂ ಆಗಲಿಲ್ಲ. ಕರ್ಬಿಯ ಕಾರ್ಟ್ರಿಜ್‌ನಲ್ಲಿ ಮಾಪಕವೂ ಇತ್ತಲ್ಲ, ಅದು ತಲೆಕೆಳಗಾಯಿತು! ಬಲಕ್ಕೆ ವಾಲಿಸಿದರೆ ಕರ್ಬಿ ಎಡಕ್ಕೆ. ಅದೇ ವರ್ಷ ಅಂಗೈ ಆಟಗಳನ್ನು ಟಿವಿಯಲ್ಲಿ ಆಡಿಸುವ ‘ಗೇಮ್ ಬಾಯ್ ಪ್ಲೇಯರ್’ ಎಂಬ ಜೋಡಣೆಯೂ ಬಂತು. ಅದು ಮನೆಯ ದೊಡ್ಡ ಯಂತ್ರದ ಅಡಿಯಲ್ಲಿ ಕೂರುವಂಥದ್ದು. ಅದರಲ್ಲಿ ಕರ್ಬಿ ಉರುಳಬೇಕಾದರೆ ತಂತಿಗಳ ಸಮೇತ ಇಡೀ ಯಂತ್ರವನ್ನೇ ಎತ್ತಿ ವಾಲಿಸಬೇಕಿತ್ತು.

ಬುಗುರಿಯ ವಿದ್ಯೆ

ವಾಲುವುದನ್ನು ಅಳೆಯುವ ಚಿಪ್ಪಿಗೆ ಇನ್ನೊಂದು ಮಿತಿಯಿತ್ತು. ಯಂತ್ರವನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬೀಸುಕಲ್ಲಿನಂತೆ ಸುತ್ತಿಸಿ. ಮಟ್ಟ ಬದಲಾಗುವುದಿಲ್ಲ, ಗುರುತ್ವದ ದಿಕ್ಕೂ ಬದಲಾಗುವುದಿಲ್ಲ. ಅದು ಎಷ್ಟು ಸುತ್ತು ತಿರುಗಿತೆಂದು ಚಿಪ್ಪು ಎಣಿಸಲಾರದು. ತಿರುಗುವುದನ್ನು ಅರಿಯಲು ಬೇರೆ ಉಪಕರಣ ಬೇಕು. ಅದೇ ಗೈರೊಸ್ಕೋಪ್.

ಗೈರೊಸ್ಕೋಪಿನ ಮೂಲತತ್ತ್ವ ನಮ್ಮ ಬುಗುರಿಯಲ್ಲೇ ಇದೆ. ಚಾಟಿ ಬೀಸಿ ಬಿಟ್ಟ ಬುಗುರಿ ಜೋರಾಗಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ತನ್ನ ಅಕ್ಷವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಭೂಮಿ ತಿರುಗುತ್ತಿರುವುದನ್ನು ತೋರಿಸಲು ಫ್ರಾನ್ಸಿನ ಲಿಯೋ ಫುಕೊ 1852ರಲ್ಲಿ ಅಂಥದೇ ಚಕ್ರವನ್ನು ಬಳಸಿ ಅದಕ್ಕೆ ಗೈರೊಸ್ಕೋಪ್ ಎಂದು ಹೆಸರಿಟ್ಟ. ಹಡಗು, ವಿಮಾನಗಳಿಗೆ ದಿಕ್ಕು ತೋರಿಸಿದ್ದು ಆ ಚಕ್ರದ ಸಂತತಿ. ಆಟಿಕೆಯಲ್ಲಿ ಚಕ್ರ ತಿರುಗಿಸುವುದು ಆಗದ ಮಾತು. ಅದಕ್ಕಾಗಿ ತಿರುಗುವ ಚಕ್ರದ ಬದಲು ಕಂಪಿಸುವ ಸಣ್ಣ ತುಣುಕನ್ನು ಬಳಸುವ ಗೈರೊ ಬಂತು. ಕಂಪಿಸುತ್ತಿರುವ ವಸ್ತುವನ್ನು ತಿರುಗಿಸಿದರೆ ಅದು ಪಕ್ಕಕ್ಕೂ ತೊನೆಯುತ್ತದೆ. ಆ ತೊನೆತವನ್ನು ಅಳೆದರೆ ತಿರುಗಿದ ವೇಗ ಸಿಗುತ್ತದೆ.

2004ರ ಅಕ್ಟೋಬರಿನಲ್ಲಿ ನಿಂಟೆಂಡೊ ಈ ಗೈರೊವನ್ನು ಕಾರ್ಟ್ರಿಜ್‌ನಲ್ಲಿಟ್ಟು ‘ಮವಾರು ಮೇಡ್ ಇನ್ ವಾರಿಯೊ’ ಎಂಬ ಆಟ ತಂದಿತು. ‘ಮವಾರು’ ಎಂದರೆ ತಿರುಗು. ಅಮೆರಿಕದಲ್ಲಿ 2005ರಲ್ಲಿ ‘ವಾರಿಯೊವೇರ್: ಟ್ವಿಸ್ಟೆಡ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ 200ಕ್ಕೂ ಹೆಚ್ಚು ಪುಟಾಣಿ ಆಟಗಳು, ಒಂದೊಂದೂ ಕೆಲವೇ ಸೆಕೆಂಡಿನದು. ಏನು ಮಾಡಬೇಕೆಂದು ಒಂದು ಪದದಲ್ಲಿ ಆಜ್ಞೆ ಬರುತ್ತದೆ. ಅರ್ಥಮಾಡಿಕೊಂಡು ಕೈ ತಿರುಗಿಸುವಷ್ಟರಲ್ಲಿ ಮುಗಿಯುತ್ತದೆ. ಕಾರ್ಟ್ರಿಜ್‌ನಲ್ಲಿ ನಡುಕ ಹುಟ್ಟಿಸುವ ಸಣ್ಣ ಮೋಟಾರೂ ಇತ್ತು. ತಿರುಗಿಸುವಾಗ ಅದು ಕಟಕಟನೆ ನಡುಗಿ, ಕೈಗೆ ನಿಜವಾದ ತಿರುಗಣೆ ಹಿಡಿದ ಭಾವ ಕೊಡುತ್ತಿತ್ತು. ಕರ್ಬಿಯ ಆಟವಾಗಲಿ ಈ ಆಟವಾಗಲಿ ಯುರೋಪಿನಲ್ಲಿ ಬಿಡುಗಡೆಯಾಗಲಿಲ್ಲ.

ನೋಡುವ ಹಲಗೆ, ವಾಲುವ ಹಲಗೆ

2006ರಲ್ಲಿ ನಿಂಟೆಂಡೊ ‘ವೀ’ ಎಂಬ ಮನೆಯ ಯಂತ್ರವನ್ನು ತಂದಿತು. ರಿಮೋಟಿನಂಥ ಹಿಡಿಕೆಯನ್ನು ಟೆನಿಸ್ ಬ್ಯಾಟಿನಂತೆ ಬೀಸಿದರೆ ಟಿವಿಯಲ್ಲಿ ಚೆಂಡು ಹಾರುತ್ತಿತ್ತು. 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಚಲನೆಯಿಂದ ಆಡುವ ಆಟವೆಂದರೆ ಬಹುಪಾಲು ಜನರಿಗೆ ನೆನಪಾಗುವುದು ಇದೇ.

ಆದರೆ ಇದಕ್ಕೂ ಕರ್ಬಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ವೀ ಆಟದಲ್ಲಿ ಕೈ ಅಲುಗುವುದು ಇಲ್ಲಿ, ಚೆಂಡು ಅಲುಗುವುದು ಅಲ್ಲಿ, ಗೋಡೆಯ ಬಳಿಯ ಟಿವಿಯಲ್ಲಿ. ಕರ್ಬಿಯ ಆಟದಲ್ಲಿ ನೋಡುವ ಹಲಗೆಯೂ ವಾಲಿಸುವ ಹಲಗೆಯೂ ಒಂದೇ. ಮೊರದಲ್ಲಿ ಕಾಳು ಇರುವಂತೆ, ಜಾತ್ರೆಯ ಡಬ್ಬಿಯಲ್ಲಿ ಗುಂಡು ಇರುವಂತೆ, ಕರ್ಬಿ ಕೈಯಲ್ಲೇ ಇರುತ್ತದೆ. ಅಂಗೈ ಯಂತ್ರದಲ್ಲಿ ಚಲನೆಯ ಮಾಪಕ ಇಟ್ಟಾಗ ಆಗುವ ವಿಶೇಷ ಇದು. ಪರದೆ ಎಂಬುದು ಕಿಟಕಿಯಾಗಿ ಉಳಿಯದೆ ಪಾತ್ರೆಯಾಗುತ್ತದೆ. ಒಳಗಿರುವುದು ಚೆಲ್ಲೀತೆಂದು ಕೈ ಎಚ್ಚರ ವಹಿಸುತ್ತದೆ. ಒಳಗೆ ಏನೂ ಇಲ್ಲ, ಬರೀ ಬೆಳಕಿನ ಚುಕ್ಕೆಗಳು ಎಂದು ಬುದ್ಧಿಗೆ ಗೊತ್ತಿದ್ದರೂ ಕೈ ನಂಬುವುದಿಲ್ಲ.

ಈ ಅನುಭವ ಲೋಕದ ಎಲ್ಲರಿಗೂ ತಲುಪಿದ್ದು ಮೊಬೈಲ್ ಫೋನಿನಿಂದ. 2007ರ ಐಫೋನಿನಲ್ಲಿ ಮಾಪಕವಿದ್ದದ್ದು ಮುಖ್ಯವಾಗಿ, ಫೋನನ್ನು ಅಡ್ಡ ಹಿಡಿದಾಗ ಚಿತ್ರವನ್ನೂ ಅಡ್ಡ ತಿರುಗಿಸಲು. 2008ರಲ್ಲಿ ಬೇರೆಯವರೂ ಅದಕ್ಕೆ ಆಟ ಬರೆಯಲು ಅವಕಾಶವಾದೊಡನೆ ಬಂದ ಮೊದಲ ಆಟಗಳಲ್ಲಿ ಒಂದು ‘ಲ್ಯಾಬಿರಿಂತ್’. ಮರದ ಹಲಗೆ, ಕುಳಿಗಳು, ಉಕ್ಕಿನ ಗುಂಡು. ಬರೆದವರು ಸ್ವೀಡನ್ನಿನ ಮಾಲ್ಮೊ ನಗರದವರು. 1946ರ ಮರದ ಪೆಟ್ಟಿಗೆ ಹುಟ್ಟಿದ ದೇಶದಿಂದಲೇ ಅದರ ಬೆಳಕಿನ ರೂಪವೂ ಹೊರಟಿತು. 2010ರಲ್ಲಿ ಗೈರೊ ಕೂಡ ಫೋನಿಗೆ ಬಂತು.

ಇಂದು ಕರ್ನಾಟಕದ ಯಾವ ಹಳ್ಳಿಯಲ್ಲಾದರೂ ಮಕ್ಕಳ ಕೈ ನೋಡಿ. 2011ರಲ್ಲಿ ಬಂದ ‘ಟೆಂಪಲ್ ರನ್’ನಲ್ಲಿ ಓಡುವವನನ್ನು ನಾಣ್ಯಗಳ ಕಡೆ ಸರಿಸಲು ಫೋನ್ ವಾಲಿಸುತ್ತಾರೆ. 2021ರಲ್ಲಿ ಭಾರತಕ್ಕೆಂದೇ ಬಂದ ‘ಬಿಜಿಎಂಐ’ಯಲ್ಲಿ ಪಳಗಿದ ಹುಡುಗರು ಗೈರೊ ಚಾಲೂ ಮಾಡಿಕೊಂಡು ಮಣಿಕಟ್ಟಿನ ಸಣ್ಣ ತಿರುವಿನಲ್ಲಿ ಗುರಿಯಿಡುತ್ತಾರೆ. ನಡೆದ ಹೆಜ್ಜೆ ಎಣಿಸುವುದೂ ಅದೇ ಜಾತಿಯ ಚಿಪ್ಪು. 2023ರಿಂದ ಭಾರತದ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಭೂಕಂಪದ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ನೆಲದ ಅದುರು ಗುರುತಿಸುವುದೂ ಅದರಿಂದಲೇ.

ಉಳಿಸುವುದು ಎಂದರೆ ಏನನ್ನು?

ಇನ್ನು ಕೊನೆಯ ವಿಷಯ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅದು ಹೇಳಿತು. ಗೇಮ್ ಬಾಯ್ ಆಟಗಳ ಸ್ಥಿತಿ ಇನ್ನೂ ಕೆಟ್ಟದ್ದು, ಶೇ 5.87ರಷ್ಟು ಮಾತ್ರ ಸಿಗುತ್ತಿದ್ದವು. ನೂರರಲ್ಲಿ ಆರಕ್ಕೂ ಕಡಿಮೆ.

ಪುಸ್ತಕ ಉಳಿಸಲು ಅಕ್ಷರ ಉಳಿಸಿದರೆ ಬಹುಮಟ್ಟಿಗೆ ಸಾಕು. ಆಟ ಉಳಿಸಲು ಪ್ರೋಗ್ರಾಂ ಉಳಿಸಿದರೆ ಸಾಕು ಎಂಬ ನಂಬಿಕೆಯೂ ಹಾಗೆಯೇ ಬೆಳೆದಿದೆ. ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಂಗಳು ಕಂಪ್ಯೂಟರಿನಲ್ಲಿ ಹಳೆಯ ಆಟಗಳನ್ನು ನಡೆಸುತ್ತವೆ. ಬಟನ್ನಿನ ಆಟಗಳಿಗೆ ಇದು ಹೆಚ್ಚುಕಡಿಮೆ ಒಪ್ಪುತ್ತದೆ. ಒಂದು ಬಟನ್ನಿನ ಬದಲು ಇನ್ನೊಂದು ಬಟನ್. ಆದರೆ ಕರ್ಬಿಯ ಆಟವನ್ನು ಕೀಲಿಮಣೆಯ ಬಟನ್‌ಗಳಲ್ಲಿ ಆಡಿದರೆ ‘ಎಷ್ಟು’ ಎಂಬುದೇ ಹೊರಟುಹೋಗುತ್ತದೆ. ಒತ್ತಿದೆ ಅಥವಾ ಒತ್ತಿಲ್ಲ. ಮತ್ತೆ 1981ರ ಪಾದರಸದ ಸ್ವಿಚ್ಚಿಗೆ ಬಂದು ನಿಂತಂತೆ. ಚಿತ್ರ ಅದೇ, ಸಂಗೀತ ಅದೇ, ಕುಳಿಗಳೂ ಅವೇ. ಒನೆಯುವ ಕೈ ಮಾತ್ರ ಇಲ್ಲ.

ಯಕ್ಷಗಾನದ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪ್ರಸಂಗದ ಪುಸ್ತಕ ಕಪಾಟಿನಲ್ಲಿ ಭದ್ರವಾಗಿದೆ ಎಂದಮಾತ್ರಕ್ಕೆ ಆಟ ಉಳಿದಂತಲ್ಲ. ಹಾಡುವ ಭಾಗವತ, ಬಾರಿಸುವ ಮದ್ದಳೆಗಾರ, ಹೆಜ್ಜೆ ಗೊತ್ತಿರುವ ವೇಷಧಾರಿ ಇದ್ದಾಗಲೇ ಅದು ಆಟ.

2023ರಲ್ಲಿ ನಿಂಟೆಂಡೊ ‘ಕೊರೊಕೊರೊ ಕರ್ಬಿ’ಯನ್ನು ತನ್ನ ‘ಸ್ವಿಚ್’ ಯಂತ್ರದ ಚಂದಾದಾರರಿಗೆ ಮತ್ತೆ ಒದಗಿಸಿತು. ಸ್ವಿಚ್‌ನೊಳಗೇ ಮಾಪಕಗಳಿರುವುದರಿಂದ ವಾಲಿಸಿಯೇ ಆಡಬಹುದು. ಇದು ಸಂತೋಷದ ಸಂಗತಿ. ಆದರೂ ಎರಡು ಮಾತು ಉಳಿಯುತ್ತವೆ. ಚಂದಾ ಇರುವವರೆಗೆ ಮಾತ್ರ ಆಟ. ಮತ್ತು ಸ್ವಿಚ್ ಅನ್ನು ಟಿವಿಗೆ ಜೋಡಿಸಿ ಆಡಿದರೆ ಕೈ ಇಲ್ಲಿ, ಕರ್ಬಿ ಅಲ್ಲಿ. ಮೊರ ಒಬ್ಬರ ಕೈಯಲ್ಲಿ, ಕಾಳು ಗೋಡೆಯ ಮೇಲೆ. ಯಂತ್ರವನ್ನು ಕೈಯಲ್ಲೇ ಹಿಡಿದು ಆಡಿದಾಗ ಮಾತ್ರ 2000ನೇ ಇಸವಿಯ ಹುಡುಗನ ಅನುಭವಕ್ಕೆ ಹತ್ತಿರ ಹೋಗಬಹುದು.

2024ರ ಅಕ್ಟೋಬರ್ 2ರಂದು ಕ್ಯೋಟೊ ಬಳಿಯ ಉಜಿಯಲ್ಲಿ ನಿಂಟೆಂಡೊ ಮ್ಯೂಸಿಯಂ ತೆರೆಯಿತು. ಹಿಂದೆ ಇಸ್ಪೀಟು ಎಲೆಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕಟ್ಟಡವದು. ಕಂಪನಿಯ ಹಳೆಯ ಯಂತ್ರಗಳನ್ನೂ ಆಟಗಳನ್ನೂ ಅಲ್ಲಿ ಸಾಲಾಗಿ ಗಾಜಿನ ಹಿಂದೆ ಜೋಡಿಸಿದ್ದಾರೆ. ನೋಡಲು ಅದು ದೊಡ್ಡ ಸೌಭಾಗ್ಯವೇ ಸರಿ. ಆದರೆ ಗಾಜಿನ ಹಿಂದಿನ ಕಾರ್ಟ್ರಿಜ್ ವಾಲುವುದಿಲ್ಲ.

ಹಾಗಾದರೆ ಉಳಿಸಬೇಕಾದ್ದು ಮೂರು. ಪ್ರೋಗ್ರಾಂ, ಅದನ್ನು ಅರಿಯುವ ಮಾಪಕವುಳ್ಳ ಯಂತ್ರ, ಮತ್ತು ಆಡಿದ ಕೈಯ ದಾಖಲೆ. ಮೊದಲ ಎರಡು ಕೆಲಸ ಕಂಪನಿಗಳದು, ಮ್ಯೂಸಿಯಂಗಳದು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಆಟಗಳನ್ನು ಚಿತ್ರೀಕರಿಸುವವರು ಸಾಮಾನ್ಯವಾಗಿ ಪರದೆಯನ್ನಷ್ಟೇ ಹಿಡಿಯುತ್ತಾರೆ, ಕೈ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಮುಂದಿನ ಬಾರಿ ಮನೆಯ ಮಗು ಫೋನ್ ವಾಲಿಸುತ್ತ, ನಾಲಿಗೆ ಕಚ್ಚಿಕೊಂಡು, ಭುಜ ಎತ್ತಿ ಆಡುತ್ತಿರುವಾಗ ಇನ್ನೊಂದು ಫೋನಿನಲ್ಲಿ ಆ ಕೈಗಳನ್ನು ಒಂದು ನಿಮಿಷ ಚಿತ್ರೀಕರಿಸಿ ಇಡಿ. ಅಜ್ಜಿ ಇನ್ನೂ ಮೊರ ಹಿಡಿಯುವಷ್ಟು ಗಟ್ಟಿಯಾಗಿದ್ದರೆ ಅವರ ಕೈಗಳನ್ನೂ ಸೇರಿಸಿಕೊಳ್ಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಮುಂದೆ ಯಾರಾದರೂ ಇದ್ದೇ ಇರುತ್ತಾರೆ.